ಸತ್ತ ಮಾತ್ರಕ್ಕೆ ಹಿರಿಯರಾಗುವುದಿಲ್ಲ: ಘಾನಾದ ಫ್ರಾಫ್ರಾ ಜನರ ನಂಬಿಕೆ

ಕನ್ನಡದಲ್ಲಿ ‘ಹಿರಿಯರು’ ಅನ್ನುವ ಮಾತಿಗೆ ಎರಡು ಅರ್ಥ ಇದೆ. ಜಗಲಿ ಮೇಲೆ ಕೂತು ಎಲೆ ಅಡಿಕೆ ಹಾಕುತ್ತಾ ಮನೆ ವಿಚಾರ ಮಾತಾಡುವ ಅಜ್ಜನೂ ಹಿರಿಯರೇ, ಗೋಡೆಯ ಮೇಲೆ ಫೋಟೊ ಆಗಿರುವ ಮುತ್ತಜ್ಜನೂ ಹಿರಿಯರೇ. “ಹಿರಿಯರಿಗೆ ಎಡೆ ಇಟ್ಟಾಯ್ತಾ?” ಅಂತ ಕೇಳಿದರೆ ಯಾರಿಗೂ ಗೊಂದಲ ಆಗುವುದಿಲ್ಲ. ಪಶ್ಚಿಮ ಆಫ್ರಿಕಾದ ಘಾನಾ ದೇಶದ ಉತ್ತರ ತುದಿಯಲ್ಲಿ ಬದುಕುವ ಫ್ರಾಫ್ರಾ ಜನರ ಭಾಷೆಯಲ್ಲೂ ಹೀಗೆ ಎರಡೂ ಕಡೆ ದುಡಿಯುವ ಒಂದು ಪದ ಇದೆ, ‘ಯಾಬಾ’. ಬದುಕಿರುವ ಅಜ್ಜ ಯಾಬಾ. ಎಂದೋ ತೀರಿಹೋದ ಪೂರ್ವಜನೂ ಯಾಬಾ.

ಈ ಒಂದು ಪದ ಗಟ್ಟಿಯಾಗಿ ಹಿಡಿದುಕೊಂಡರೆ ಅರ್ಧ ವಿಷಯ ತಿಳಿದ ಹಾಗೆಯೇ. ಯಾಕೆ ಅಂದರೆ ಇಂಥ ನಂಬಿಕೆಗಳ ಬಗ್ಗೆ ಬರೆಯುವವರು ಸಾಮಾನ್ಯವಾಗಿ ‘ಪಿತೃಪೂಜೆ’ ಅಂತ ಬರೆದು ಮುಂದೆ ಹೋಗಿಬಿಡುತ್ತಾರೆ. ಪೂಜೆ ಅಂದ ಕೂಡಲೇ ನಮ್ಮ ಕಣ್ಣ ಮುಂದೆ ಗುಡಿ, ಆರತಿ, ಕೈ ಮುಗಿದು ನಿಂತ ಭಕ್ತರು ಬರುತ್ತಾರೆ, ಅಲ್ವಾ? ಫ್ರಾಫ್ರಾ ಮನೆಯ ಅಂಗಳದಲ್ಲಿ ನಡೆಯುವುದು ಬೇರೆ. ಅಲ್ಲಿ ಮಗ ತೀರಿಹೋದ ಅಪ್ಪನ ಹತ್ತಿರ ಮಾತಾಡುತ್ತಾನೆ. ಸುದ್ದಿ ಹೇಳುತ್ತಾನೆ. ಮಳೆ ಬರಲಿ, ಹೆಂಡತಿಗೆ ಸುಖವಾಗಿ ಹೆರಿಗೆ ಆಗಲಿ ಅಂತ ಕೇಳಿಕೊಳ್ಳುತ್ತಾನೆ. ಕೆಲವು ಸಲ ಬೇಜಾರಿನಿಂದ ದೂರುತ್ತಾನೆ ಕೂಡ. ಸತ್ತವರು ಅಲ್ಲಿ ದೇವರಾಗಿ ಮೇಲೆ ಏರಿ ಹೋಗಿಲ್ಲ. ಮನೆಯ ಯಜಮಾನಿಕೆ ಬಿಟ್ಟುಕೊಡದ ದೊಡ್ಡವರಾಗಿ ಅಲ್ಲೇ ಇದ್ದಾರೆ.

ಈ ಜನರ ಪರಿಚಯ ಸ್ವಲ್ಪ ಬೇಕು. ಘಾನಾದ ಅಪ್ಪರ್ ಈಸ್ಟ್ ಪ್ರಾಂತ್ಯ, ಅದರ ಮುಖ್ಯ ಪಟ್ಟಣ ಬೊಲ್ಗಟಂಗ. ಹುಲ್ಲಿನಿಂದ ಹೆಣೆದ ಬಣ್ಣಬಣ್ಣದ ಬೊಲ್ಗ ಬುಟ್ಟಿಗಳು ದೇಶ ದೇಶಕ್ಕೆ ಹೋಗುವುದು ಇಲ್ಲಿಂದಲೇ. ಇನ್ನೂ ಉತ್ತರಕ್ಕೆ ಹೋದರೆ ಬುರ್ಕಿನಾ ಫಾಸೊ ಗಡಿ, ಆ ಕಡೆಯೂ ಇವರ ಊರುಗಳಿವೆ. ‘ಫ್ರಾಫ್ರಾ’ ಅನ್ನುವುದು ಇವರು ತಾವೇ ಇಟ್ಟುಕೊಂಡ ಹೆಸರಲ್ಲ. ದಣಿದವರನ್ನು, ಕಷ್ಟದಲ್ಲಿರುವವರನ್ನು ಕಂಡಾಗ ಇವರು ‘ಫಾರಾ ಫಾರಾ’ ಅಂತ ಮಾತಾಡಿಸುತ್ತಾರೆ. ಬ್ರಿಟಿಷ್ ಆಡಳಿತದವರು ಅದನ್ನೇ ಕೇಳಿ ಕೇಳಿ ಇಡೀ ಜನಕ್ಕೆ ಆ ಹೆಸರಿಟ್ಟರು. ಗುರೆನ್ಸಿ, ತಾಲೆನ್ಸಿ, ನಬ್ದಾಮ್ ಹೀಗೆ ಹಲವು ಗುಂಪುಗಳು ಈ ಒಂದೇ ಹೆಸರಿನ ಕೆಳಗೆ ಬಂದವು. ಇವತ್ತು ತಾಲೆನ್ಸಿ ಮತ್ತು ನಬ್ದಾಮ್ ಜನರಲ್ಲಿ ಎಷ್ಟೋ ಮಂದಿ ತಮ್ಮದು ಬೇರೆಯೇ ಗುರುತು ಅನ್ನುತ್ತಾರೆ, ಅದು ಅವರ ಹಕ್ಕು. ಆದರೆ ಭಾಷೆ, ನಂಬಿಕೆ, ಮನೆ ಕಟ್ಟುವ ರೀತಿ ಇವೆಲ್ಲ ಹತ್ತಿರ ಹತ್ತಿರ. ಇದರಲ್ಲಿ ತಾಲೆನ್ಸಿ ಜನರ ಬಗ್ಗೆ ನಮಗೆ ಜಾಸ್ತಿ ಗೊತ್ತಿದೆ. ಮೇಯರ್ ಫೋರ್ಟ್ಸ್ ಅನ್ನುವ ಮಾನವಶಾಸ್ತ್ರಜ್ಞ 1934ರಿಂದ 1937ರ ನಡುವೆ ಅವರ ಜೊತೆ ಇದ್ದು, ಕಂಡಿದ್ದನ್ನೆಲ್ಲ ವಿವರವಾಗಿ ಬರೆದಿಟ್ಟರು. ನಾನು ಕೆಳಗೆ ಹೇಳುವ ಎಷ್ಟೋ ಸೂಕ್ಷ್ಮ ಸಂಗತಿಗಳು ಆ ಕಾಲದವು. ಓದುವಾಗ ಅದು ನೆನಪಿರಲಿ.

ಅಲ್ಲಿ ವರ್ಷಕ್ಕೆ ಒಂದೇ ಮಳೆಗಾಲ. ಆ ಕೆಲವು ತಿಂಗಳಲ್ಲಿ ಸಜ್ಜೆ, ಜೋಳ, ಶೇಂಗಾ ಬೆಳೆದುಕೊಳ್ಳಬೇಕು. ಉಳಿದ ತಿಂಗಳು ಒಣ ನೆಲ, ಸಹಾರಾ ಕಡೆಯಿಂದ ಬೀಸುವ ಧೂಳಿನ ಗಾಳಿ. ಮಣ್ಣಿನ ದುಂಡು ಕೋಣೆಗಳನ್ನು ಗೋಡೆಯಿಂದ ಜೋಡಿಸಿ ಕಟ್ಟಿದ ದೊಡ್ಡ ಮನೆ, ಒಳಗೆ ಅಪ್ಪ, ಮಕ್ಕಳು, ಸೊಸೆಯರು, ಮೊಮ್ಮಕ್ಕಳು. ಮನೆಯ ನಡುವೆ ಮಣ್ಣಿನ ಕಣಜ. ಆ ಕಣಜದ ಮೇಲೆ ಕಣ್ಣಿಟ್ಟಿರಿ, ಮುಂದೆ ಅದು ಬಹಳ ಮುಖ್ಯ ಆಗುತ್ತದೆ.

ಮೇಲೆ ಯಿನೆ ಇದ್ದಾನೆ. ಎಲ್ಲವನ್ನೂ ಸೃಷ್ಟಿಸಿದವನು. ತಾಲೆನ್ಸಿ ಮಾತಿನಲ್ಲಿ ನಾಯಿನ್. ಆದರೆ ಅವನು ತುಂಬಾ ದೂರ. ದಿನದ ತಾಪತ್ರಯಗಳನ್ನು ಸೀದಾ ಅವನ ಹತ್ತಿರ ತೆಗೆದುಕೊಂಡು ಹೋಗುವ ರೂಢಿ ಇಲ್ಲ, ಹಿರಿಯರಿಗೆ ಇರುವ ಹಾಗೆ ಅವನಿಗೆ ಮನೆ ಮನೆಯ ಮುಂದೆ ಗದ್ದುಗೆಯೂ ಇಲ್ಲ. ಆದರೂ ಮಾತು ಮಾತಿಗೆ ಅವನ ಹೆಸರು ಬರುತ್ತದೆ, ಮಕ್ಕಳ ಹೆಸರಿನಲ್ಲೂ ಬರುತ್ತದೆ.

ಕೆಳಗೆ ಭೂಮಿ ಇದೆ. ಇದು ದೂರದ್ದಲ್ಲ, ಕಾಲ ಕೆಳಗೇ ಇರುವ ಶಕ್ತಿ, ಬಹಳ ಕಟ್ಟುನಿಟ್ಟಿನದು. ಒಂದು ಮರಗಳ ಗುಂಪು, ಒಂದು ಬಂಡೆ, ಒಂದು ಹೊಂಡ, ಇಂಥ ಜಾಗಗಳು ಭೂಮಿಯ ಪವಿತ್ರ ತಾಣಗಳು. ಅದನ್ನು ನೋಡಿಕೊಳ್ಳುವವನು ತಿಂದಾನ. ‘ತಿಂಗ’ ಅಂದರೆ ಭೂಮಿ, ‘ದಾನ’ ಅಂದರೆ ಒಡೆಯ. ಮೊಟ್ಟಮೊದಲು ಆ ನೆಲದಲ್ಲಿ ಬಂದು ನೆಲೆಸಿದವರ ವಂಶದವನು ಅವನು. ಹಳೆಯ ಕಟ್ಟಳೆ ಪಾಲಿಸುವ ತಿಂದಾನ ಬಟ್ಟೆ ತೊಡುವ ಹಾಗಿಲ್ಲ, ಪ್ರಾಣಿಯ ಚರ್ಮ ಸುತ್ತಿಕೊಳ್ಳಬೇಕು. ದಿಕ್ಕಿಲ್ಲದೆ ಅಲೆದು ಬಂದ ದನವೋ, ದಾರಿಯಲ್ಲಿ ಸಿಕ್ಕ ವಸ್ತುವೋ ಅವನಿಗೆ ಸೇರಬೇಕು, ಯಾಕೆಂದರೆ ಅದು ಭೂಮಿಯ ಮೇಲೆ ಸಿಕ್ಕಿದ್ದು. ಜಗಳದಲ್ಲಿ ಮನುಷ್ಯನ ರಕ್ತ ನೆಲಕ್ಕೆ ಬಿದ್ದರೆ ಅದು ಇಬ್ಬರ ನಡುವಿನ ವಿಷಯ ಅಷ್ಟೇ ಆಗಿ ಉಳಿಯುವುದಿಲ್ಲ, ಭೂಮಿಗೆ ಮೈಲಿಗೆ ಆಗುತ್ತದೆ. ತಿಂದಾನ ಬಂದು ಶಾಂತಿ ಮಾಡಿಸದಿದ್ದರೆ ಊರಿಗೇ ಕೇಡು ಅನ್ನುವ ಭಯ. ಊರಿನ ನಾಯಕ, ಅಂದರೆ ‘ನಾಬಾ’, ಬೇರೆ. ತಾಲೆನ್ಸಿ ಕಡೆ ನಾಬಾಗಳ ಮನೆತನದವರು, ನಮೂ ಅನ್ನುವವರು, ತಮ್ಮ ಮೂಲಪುರುಷ ದಕ್ಷಿಣದ ಮಾಂಪ್ರೂಸಿ ರಾಜ್ಯದಿಂದ ಬಂದವನು ಅನ್ನುತ್ತಾರೆ. ನಂತರ ಬಂದವರ ಕೈಯಲ್ಲಿ ನಾಯಕತ್ವ, ಮೊದಲು ಬಂದವರ ಕೈಯಲ್ಲಿ ನೆಲ. ಒಬ್ಬರನ್ನು ಬಿಟ್ಟು ಒಬ್ಬರು ಬದುಕುವ ಹಾಗಿಲ್ಲದಂತೆ ಈ ಏರ್ಪಾಟು ಬೆಳೆದು ಬಂದಿದೆ.

ಆಕಾಶ ಮತ್ತು ನೆಲದ ನಡುವೆ, ಮನೆಯ ಒಳಗೆ, ಹಿರಿಯರು ಇದ್ದಾರೆ. ದಿನದ ಬದುಕಿನಲ್ಲಿ ಇವರ ಪಾಲು ಎಲ್ಲರಿಗಿಂತ ದೊಡ್ಡದು.

ಹಾಗಾದರೆ ಸತ್ತವರೆಲ್ಲ ಹಿರಿಯರಾಗುತ್ತಾರಾ? ಇಲ್ಲ. ಓದುವವರು ಹೆಚ್ಚಾಗಿ ದಾರಿ ತಪ್ಪುವುದು ಇಲ್ಲೇ. ಸಾವು ಬರೀ ಮೊದಲ ಹೆಜ್ಜೆ. ಹಿರಿಯರಾಗಬೇಕಾದರೆ ಮಕ್ಕಳಿರಬೇಕು, ಆ ಮಕ್ಕಳು ಬದುಕಿರಬೇಕು, ಅವರು ಎಲ್ಲ ಕ್ರಮವನ್ನೂ ಮಾಡಿ ಮುಗಿಸಬೇಕು. ಮಕ್ಕಳಿಲ್ಲದೆ ಹೋದವರಿಗೆ, ಚಿಕ್ಕ ವಯಸ್ಸಿನಲ್ಲಿ ಹೋದವರಿಗೆ ಹೆಸರು ಹಿಡಿದು ಕರೆಯುವವರು ಇರುವುದಿಲ್ಲ. ಅವರು ಎಷ್ಟು ಒಳ್ಳೆಯವರಾಗಿದ್ದರು ಅನ್ನುವುದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಜೀವನ ಪೂರ್ತಿ ಮುಂಗೋಪಿಯಾಗಿದ್ದ ಅಪ್ಪನೂ ಮಕ್ಕಳಿದ್ದರೆ ಹಿರಿಯರಾಗುತ್ತಾನೆ, ಊರಿಗೆಲ್ಲ ಉಪಕಾರ ಮಾಡಿದ ಒಬ್ಬಂಟಿ ಆಗುವುದಿಲ್ಲ. ಇದನ್ನು ಓದಿದಾಗ ನನಗೆ ಮನಸ್ಸು ಭಾರವಾಯಿತು, ಇವತ್ತಿಗೂ ಹಗುರ ಆಗಿಲ್ಲ. ಆದರೆ ಅವರ ಲೆಕ್ಕ ಬೇರೆ. ಹಿರಿತನ ಅಂದರೆ ಗುಣಕ್ಕೆ ಕೊಡುವ ಬಹುಮಾನ ಅಂತ ಅವರು ತಿಳಿದಿಲ್ಲ. ಅದು ಸಂಬಂಧ. ಮಗನಿಲ್ಲದೆ ಅಪ್ಪ ಅನ್ನುವ ಸ್ಥಾನ ಹೇಗೆ ಇಲ್ಲವೋ, ಹಾಗೆ.

ಸಾವಾದ ಮೇಲೆ ಹೂಳುವ ಕೆಲಸ ಬೇಗ ಆಗುತ್ತದೆ. ಅದಕ್ಕೆ ‘ಬಯಾಸೆ’ ಅನ್ನುವ ತಿಳಿದವರಿದ್ದಾರೆ. ಹಳೆಯ ಕ್ರಮದ ಗೋರಿಗೆ ಬಾವಿಯ ಹಾಗೆ ದುಂಡನೆಯ, ಒಬ್ಬ ಮನುಷ್ಯ ಇಳಿಯುವಷ್ಟೇ ಅಗಲದ ಬಾಯಿ. ಒಳಗೆ ಅಗಲವಾದ ಕೋಣೆ. ಬಾಯಿಯನ್ನು ಮಣ್ಣಿನ ಮಡಕೆಯಿಂದ ಮುಚ್ಚುತ್ತಾರೆ. ಗಂಡಸನ್ನು ಮೂಡಲಿಗೆ ಮುಖ ಮಾಡಿ ಮಲಗಿಸುತ್ತಾರೆ, ಬೆಳಗಾಗುವುದು ಕಂಡು ಹೊಲಕ್ಕೆ ಏಳಲಿ ಅಂತ. ಹೆಂಗಸನ್ನು ಪಡುವಲಿಗೆ, ಹೊತ್ತು ಮುಳುಗುವುದು ಕಂಡು ಅಡುಗೆಗೆ ಏಳಲಿ ಅಂತ. ಗಂಡಸಿಗೆ ಮೂರು, ಹೆಂಗಸಿಗೆ ನಾಲ್ಕು, ಈ ಎರಡು ಸಂಖ್ಯೆ ಎಲ್ಲ ಕ್ರಮದಲ್ಲೂ ಬರುತ್ತದೆ.

ಆದರೆ ಹೂಳಿದ್ದಷ್ಟಕ್ಕೆ ಮುಗಿಯಲಿಲ್ಲ. ‘ಕುರೆ’ ಅಂತ ಕೊನೆಯ ಶವಕಾರ್ಯ ಇದೆ. ಅದು ತಿಂಗಳುಗಳ ನಂತರ, ಎಷ್ಟೋ ಸಲ ವರ್ಷಗಳ ನಂತರ ಆಗುತ್ತದೆ. ಸಾಮಾನ್ಯವಾಗಿ ಸುಗ್ಗಿ ಮುಗಿದ ಮೇಲೆ, ಬೇಸಗೆಯಲ್ಲಿ. ಕಾಳು ಬೇಕು, ಕೋಳಿ ಕುರಿ ಬೇಕು, ಜೋಳದ ಮೊಳಕೆ ಬರಿಸಿ ಕಾಯಿಸಿ ಮಾಡುವ ‘ಪಿಟೊ’ ಅನ್ನುವ ಹೆಂಡ ಕೊಡಗಟ್ಟಲೆ ಬೇಕು. ಬಿಲ್ಲು ಬತ್ತಳಿಕೆ ಹಿಡಿದು, ಕೊಂಬಿನ ಶಿರಸ್ತ್ರಾಣ ಹಾಕಿಕೊಂಡು ಕುಣಿಯುವವರು ಬರುತ್ತಾರೆ. ಸಂಬಂಧಿಕರು ಎಲ್ಲೆಲ್ಲಿಂದಲೋ ಬರುತ್ತಾರೆ. ಫ್ರಾಫ್ರಾ ಮತ್ತು ದಗಾಬಾ ಜನರ ನಡುವೆ ಹಳೆಯ ತಮಾಷೆಯ ನಂಟಿದೆ, ಅವರು ಬಂದರೆ ಸಾವಿನ ಮನೆಯಲ್ಲೇ ಕೀಟಲೆ ಮಾಡಿ, ಏನಾದರೂ ಕಿತ್ತುಕೊಂಡು ಕಾಣಿಕೆ ಸಿಗುವವರೆಗೆ ಕೊಡದೆ ಸತಾಯಿಸುತ್ತಾರೆ. ಯಾರೂ ಸಿಟ್ಟಾಗುವ ಹಾಗಿಲ್ಲ. ಈ ಕುರೆ ಆಗುವ ತನಕ ಸತ್ತವನು ಅತ್ತಲೂ ಇಲ್ಲ, ಇತ್ತಲೂ ಇಲ್ಲ. ಅವನ ಆಸ್ತಿ, ವಿಧವೆಯ ಮುಂದಿನ ಬದುಕು, ಮಗನ ಯಜಮಾನಿಕೆ ಎಲ್ಲವೂ ಅಲ್ಲೇ ನಿಂತಿರುತ್ತವೆ.

ಈಗ ಕಣಜಕ್ಕೆ ಬರೋಣ. ತಾಲೆನ್ಸಿಯ ನಮೂ ಮನೆತನಗಳಲ್ಲಿ ಮೊದಲನೇ ಮಗನಿಗೆ ಕೆಲವು ಕಟ್ಟುಪಾಡುಗಳಿದ್ದವು. ಅಪ್ಪನ ತಟ್ಟೆಯಲ್ಲಿ ಊಟ ಮಾಡುವ ಹಾಗಿಲ್ಲ. ಅಪ್ಪನ ಅಂಗಿ ಟೋಪಿ ಹಾಕಿಕೊಳ್ಳುವ ಹಾಗಿಲ್ಲ, ಅವನ ಬಿಲ್ಲು ಮುಟ್ಟುವ ಹಾಗಿಲ್ಲ. ಮೀಸೆ ಬಂದ ಮೇಲೆ ಮನೆಯ ಬಾಗಿಲಲ್ಲಿ ಅಪ್ಪ ಮಗ ಎದುರುಬದುರು ಸಿಕ್ಕಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ಅಪ್ಪನ ಕಣಜದೊಳಗೆ ಅವನು ಇಣುಕಿ ನೋಡಬಾರದು. ತಮ್ಮಂದಿರು ನೋಡಬಹುದು, ಇವನು ಮಾತ್ರ ನೋಡಬಾರದು. ಮೊದಲ ಮಗಳಿಗೂ ಇಂಥದ್ದೇ ಒಂದು ನಿಷೇಧ, ಅಮ್ಮ ಕಾಳು ಇಡುವ ಮಡಕೆಯೊಳಗೆ ಅವಳು ಕಣ್ಣು ಹಾಯಿಸಬಾರದು.

ಯಾಕೆ ಹೀಗೆ? ಮಗ ಅಪ್ಪನ ಜಾಗಕ್ಕೆ ಬರುವವನು. ಅಪ್ಪ ಹೋಗದೆ ಮಗ ಆ ಜಾಗಕ್ಕೆ ಬರುವುದಿಲ್ಲ. ಇಬ್ಬರಿಗೂ ಇದು ಗೊತ್ತು. ಅಪ್ಪನ ದೈವ ಮತ್ತು ಮಗನ ದೈವ ಒಂದಕ್ಕೊಂದು ಆಗುವುದಿಲ್ಲ ಅಂತ ಅವರು ಮುಚ್ಚುಮರೆ ಇಲ್ಲದೆ ಹೇಳುತ್ತಿದ್ದರು. ಪ್ರೀತಿ ಇಲ್ಲ ಅಂತಲ್ಲ, ತುಂಬಾ ಇದೆ. ಆದರೆ ಪ್ರೀತಿಯ ಪಕ್ಕದಲ್ಲೇ ಇನ್ನೊಂದು ಇದೆ, ಅದನ್ನು ಅಡಗಿಸಿಡುವ ಬದಲು ಒಂದು ನಿಯಮ ಮಾಡಿ ಎಲ್ಲರ ಕಣ್ಣಿಗೆ ಕಾಣುವ ಹಾಗೆ ಇಟ್ಟಿದ್ದಾರೆ. ಅಪ್ಪ ಮಕ್ಕಳ ನಡುವೆ ಆಸ್ತಿಯ ಮಾತು ಬಾಯಿಗೆ ಬರದೆ ಮನಸ್ಸಿನಲ್ಲೇ ಕೊಳೆಯುವುದನ್ನು ನೋಡಿದವರಿಗೆ ಇದರ ಬೆಲೆ ಅರ್ಥವಾಗುತ್ತದೆ.

ಅಪ್ಪ ತೀರಿಕೊಂಡು, ಕೊನೆಯ ಕುರೆ ನಡೆಯುವಾಗ, ಆ ಮಗನಿಗೆ ಅಪ್ಪನ ಅಂಗಿಯನ್ನು ಒಳಮೈ ಹೊರಗೆ ಮಾಡಿ ತೊಡಿಸುತ್ತಾರೆ. ಕಣಜದ ಹತ್ತಿರ ಕರೆದುಕೊಂಡು ಹೋಗಿ ಒಳಗೆ ನೋಡಿಸುತ್ತಾರೆ. ಅಷ್ಟೇ. ಅದರಲ್ಲಿ ಕಾಳೇ ಇರಬಹುದು, ಎರಡು ಹಿಡಿ ಧೂಳೇ ಇರಬಹುದು. ನಲವತ್ತು ವರ್ಷ ಒಂದೇ ಮನೆಯಲ್ಲಿದ್ದೂ ನೋಡದೇ ಇದ್ದ ಜಾಗವನ್ನು ಅವನು ನೋಡುತ್ತಾನೆ, ಆ ಕ್ಷಣದಿಂದ ಅವನು ಯಜಮಾನ, ಅವನ ಅಪ್ಪ ಹಿರಿಯ. ಎರಡೂ ಒಂದೇ ಹೊತ್ತಿಗೆ ಆಗುತ್ತವೆ.

ಅಲ್ಲಿಯವರೆಗೆ ಅವನು ಯಾವ ಹಿರಿಯರಿಗೂ ತಾನಾಗಿ ಬಲಿ ಕೊಡುವ ಹಾಗಿರಲಿಲ್ಲ. ಅಪ್ಪ ಬದುಕಿರುವಾಗ ಮಗ ಅಜ್ಜನ ಹತ್ತಿರ ನೇರವಾಗಿ ಹೋಗುವುದಿಲ್ಲ, ಅಪ್ಪನೇ ಹೋಗಬೇಕು. ಅಪ್ಪ ತೀರಿಹೋದ ಮೇಲೂ ಕ್ರಮ ಅದೇ. ಮೊದಲು ಅಪ್ಪನನ್ನು ಕರೆಯುತ್ತಾನೆ. “ಅಪ್ಪಾ, ಈ ನೀರು ತಗೋ, ನಿನ್ನ ಅಪ್ಪನನ್ನು ಕರೆ, ಅವನು ಅವನಪ್ಪನನ್ನು ಕರೆಯಲಿ” ಅನ್ನುವ ರೀತಿಯಲ್ಲಿ ಮಾತು ಒಬ್ಬರಿಂದ ಒಬ್ಬರಿಗೆ ಮೇಲೆ ಹೋಗುತ್ತದೆ. ಸಾಲು ತಪ್ಪಿಸಿ ಮುತ್ತಜ್ಜನ ಹತ್ತಿರ ಹಾರಿ ಹೋಗುವಂತಿಲ್ಲ.

ಆ ನೀರು ಏನು ಗೊತ್ತಾ? ‘ಝೊಮ್ ಕೂಮ್’, ಹಿಟ್ಟಿನ ನೀರು. ಸಜ್ಜೆ ಹಿಟ್ಟನ್ನು ತಣ್ಣೀರಿನಲ್ಲಿ ಕಲಸಿ ಸೋರೆಬುರುಡೆಯಲ್ಲಿ ಕೊಡುವುದು. ಬಿಸಿಲಿನಲ್ಲಿ ನಡೆದು ಬಂದ ನೆಂಟರಿಗೆ ಮೊದಲು ಕೊಡುವುದೂ ಅದನ್ನೇ. ಹಿರಿಯರಿಗೆ ಅಂತ ವಿಶೇಷವಾದ ತೀರ್ಥ ಇಲ್ಲ, ಮನೆಗೆ ಬಂದವರಿಗೆ ಏನು ಕೊಡುತ್ತಾರೋ ಅದನ್ನೇ ಕೊಡುತ್ತಾರೆ. ಈ ಚಿಕ್ಕ ಸಂಗತಿ ನನಗೆ ದೊಡ್ಡದಾಗಿ ಕಾಣುತ್ತದೆ. ಹಿರಿಯರ ಗದ್ದುಗೆ ಮನೆಯ ಮುಂದೆಯೋ ಅಂಗಳದಲ್ಲೋ ಇರುತ್ತದೆ, ಮೊಣಕಾಲೆತ್ತರದ ಮಣ್ಣಿನ ಗುಪ್ಪೆ. ಮೇಲೆ ಒಂದು ಕಲ್ಲೋ ಒಡೆದ ಮಡಕೆಯ ತುಂಡೋ. ಹಳೆಯ ರಕ್ತ ಒಣಗಿ, ಕೋಳಿಯ ಪುಕ್ಕ ಅಂಟಿಕೊಂಡಿರುತ್ತದೆ. ದಾರಿಹೋಕರಿಗೆ ಅದು ಮಣ್ಣಿನ ಗುಡ್ಡೆ ಅನ್ನಿಸಬಹುದು. ಆ ಮನೆಯವರಿಗೆ ಅದು ಅಪ್ಪ ಕೂತಿರುವ ಜಾಗ.

ಕೋಳಿ ಕೊಯ್ದು ಬಿಟ್ಟಾಗ ಎಲ್ಲರೂ ಉಸಿರು ಹಿಡಿದು ನೋಡುತ್ತಾರೆ. ಒದ್ದಾಡಿ ಒದ್ದಾಡಿ ಅದು ಬೆನ್ನ ಮೇಲೆ, ಎದೆ ಮೇಲಾಗಿ ಬಿದ್ದರೆ ಹಿರಿಯರು ಒಪ್ಪಿಕೊಂಡರು. ಬೋರಲಾಗಿ ಬಿದ್ದರೆ ಒಪ್ಪಲಿಲ್ಲ, ಇನ್ನೇನೋ ಬಾಕಿ ಇದೆ. ಆಮೇಲೆ ಮತ್ತೆ ಕೇಳಬೇಕು, ಮತ್ತೊಂದು ಕೋಳಿ ತರಬೇಕು. ಮಾಂಸವನ್ನು ಸುಟ್ಟು ಹಂಚುವುದು ಕೂಡ ಸುಮ್ನೆ ಊಟ ಅಲ್ಲ. ಯಾವ ಬಲಿಯಲ್ಲಿ ಯಾರಿಗೆ ಪಾಲು ಸಿಗುತ್ತದೆ ಅನ್ನುವುದರಲ್ಲೇ ಯಾರು ಯಾವ ವಂಶ, ಎಷ್ಟು ಹತ್ತಿರ ಅನ್ನುವುದು ತೀರ್ಮಾನ ಆಗುತ್ತದೆ. ಜಗಳವಾಡಿದ ಅಣ್ಣತಮ್ಮಂದಿರು ಒಟ್ಟಿಗೆ ಬಂದು ಕೂರದೆ ಕೆಲವು ಬಲಿ ನಡೆಯುವುದೇ ಇಲ್ಲ. ಹಾಗಾಗಿ ಮೊದಲು ಅವರು ರಾಜಿ ಆಗಬೇಕು.

ಹಿರಿಯರಿಗೆ ಏನು ಬೇಕು ಅಂತ ತಿಳಿಯುವುದು ಹೇಗೆ? ಅದಕ್ಕೆ ‘ಬಗ’, ಕಣಿ ಹೇಳುವವನು. ಮಗುವಿಗೆ ಜ್ವರ ಬಿಡುತ್ತಿಲ್ಲ, ದನ ಸಾಯುತ್ತಿವೆ, ದೂರದ ಪ್ರಯಾಣ ಹೊರಡಬೇಕು, ಹೀಗೆ ಏನೇ ಇರಲಿ ಮನೆಯ ಯಜಮಾನ ಬಗನ ಹತ್ತಿರ ಹೋಗುತ್ತಾನೆ. ಬಗ ತೊಗಲಿನ ಚೀಲದಿಂದ ಕಲ್ಲು, ಮೂಳೆ, ಕೊಂಬಿನ ಚೂರು, ಕಾಯಿಯ ಸಿಪ್ಪೆ, ಹೀಗೆ ಸಣ್ಣ ಸಣ್ಣ ವಸ್ತುಗಳನ್ನು ನೆಲಕ್ಕೆ ಸುರಿಯುತ್ತಾನೆ. ಗಿಲಕಿ ಆಡಿಸುತ್ತಾ ತನ್ನ ಹಿರಿಯರನ್ನು ಕರೆಯುತ್ತಾನೆ. ಒಂದು ಕೋಲು, ಅದರ ಒಂದು ತುದಿ ಬಗನ ಕೈಯಲ್ಲಿ, ಇನ್ನೊಂದು ತುದಿ ಬಂದವನ ಕೈಯಲ್ಲಿ. ಬಂದವನು ತನ್ನ ಕಷ್ಟವನ್ನು ಬಾಯಿಬಿಟ್ಟು ಹೇಳಬೇಕಾಗಿಲ್ಲ. ಕೋಲು ಅಲುಗಾಡುತ್ತಾ ಒಂದೊಂದು ವಸ್ತುವಿನ ಮೇಲೆ, ಕೆಲವು ಸಲ ಮೈಮೇಲಿನ ಒಂದು ಜಾಗಕ್ಕೆ ಹೋಗಿ ತಟ್ಟುತ್ತದೆ. ಪ್ರತಿ ವಸ್ತುವಿಗೂ ಒಂದು ಅರ್ಥ. ಹೌದು, ಅಲ್ಲ, ಹೌದು, ಅಲ್ಲ ಅಂತ ಮುಂದುವರಿಯುತ್ತಾ ಕೊನೆಗೆ ಯಾವ ಹಿರಿಯರು, ಯಾವ ಕಾರಣ, ಏನು ಕೊಡಬೇಕು ಅನ್ನುವುದಕ್ಕೆ ಬಂದು ನಿಲ್ಲುತ್ತದೆ. ಇಬ್ಬರ ಕೈಯೂ ಕೋಲಿನ ಮೇಲಿದೆ ಅನ್ನುವುದನ್ನು ಗಮನಿಸಿ. ಉತ್ತರ ಒಬ್ಬರೇ ಕೊಡುವುದಲ್ಲ.

ಬಗ ಆಗಬೇಕು ಅಂತ ಯಾರೂ ಆಸೆಪಟ್ಟು ಆಗುವುದಿಲ್ಲ. ಹಿರಿಯರು ಅವನನ್ನು ಹಿಡಿಯುತ್ತಾರೆ. ಒಂದರ ಮೇಲೊಂದು ಕಷ್ಟ ಬಂದು, ಕೊನೆಗೆ ಬೇರೆ ಬಗನ ಹತ್ತಿರ ಹೋದಾಗ “ನಿನ್ನ ಮೇಲೆ ಬಕೊಲೊಗೊ ಬಂದಿದೆ” ಅಂತ ಗೊತ್ತಾಗುತ್ತದೆ. ಬಕೊಲೊಗೊ ಅಂದರೆ ಈ ಕಣಿಯ ಹಿಂದಿರುವ ಹಿರಿಯರ ಗದ್ದುಗೆ. ತಾಲೆನ್ಸಿಯಲ್ಲಿ ಇದು ಜಾಸ್ತಿ ತಾಯಿಯ ಕಡೆಯಿಂದ ಬರುತ್ತದೆ. ವಂಶ ತಂದೆಯ ಕಡೆಯಿಂದ ಸಾಗುವ ಸಮಾಜದಲ್ಲಿ ತಾಯಿಯ ತವರಿನ ಹಿರಿಯರು ಹೀಗೆ ಬಂದು ತಮ್ಮ ಪಾಲು ಕೇಳುತ್ತಾರೆ. ತಾಯಂದಿರೂ ಹಿರಿಯರಾಗುತ್ತಾರೆ, ಅವರಿಗೂ ಗದ್ದುಗೆ ಇದೆ. ಆದರೆ ಬದುಕಿರುವ ಹೆಂಗಸು ತಾನೇ ನಿಂತು ಬಲಿ ಕೊಡುವ ಹಾಗಿಲ್ಲ, ಅಣ್ಣನೋ ಮಗನೋ ಕೊಡಬೇಕು.

ಒಬ್ಬ ಮನುಷ್ಯನ ಬದುಕು ಹೀಗೇ ಯಾಕೆ ಆಯಿತು ಅನ್ನುವ ಪ್ರಶ್ನೆಗೂ ಅವರ ಹತ್ತಿರ ಆಳವಾದ ಉತ್ತರ ಇದೆ. ಹುಟ್ಟುವ ಮೊದಲು ಪ್ರತಿಯೊಬ್ಬರೂ ಆಕಾಶದ ಎದುರು ನಿಂತು ತಮ್ಮ ಬಾಯಿಂದಲೇ ಒಂದು ಮಾತು ಹೇಳಿ ಬಂದಿರುತ್ತಾರೆ ಅನ್ನುವುದು ತಾಲೆನ್ಸಿ ನಂಬಿಕೆ. ಕೆಟ್ಟ ಮಾತು ಆಡಿದ್ದರೆ ಅದು ‘ನುಯೊರ್ ಯಿನ್’. ನುಯೊರ್ ಅಂದರೆ ಬಾಯಿ. “ನನಗೆ ಗಂಡ ಬೇಡ, ಮಕ್ಕಳು ಬೇಡ” ಅಂತ ಹೇಳಿ ಬಂದಿದ್ದರೆ ಆ ಹೆಣ್ಣಿನ ಮಕ್ಕಳು ಒಂದಾದ ಮೇಲೆ ಒಂದು ಕೈತಪ್ಪಿ ಹೋಗುತ್ತವೆ. ಅವಳು ಈಗ ಏನೂ ತಪ್ಪು ಮಾಡಿಲ್ಲ. ಯಾರೂ ಅವಳನ್ನು ಬೈಯುವ ಹಾಗೂ ಇಲ್ಲ. ಆದರೆ ಇದನ್ನು ತೆಗೆಯಬಹುದು. ಅವಳ ತವರಿನವರು ಸೇರಿ, ತಮ್ಮ ಹಿರಿಯರನ್ನು ಕರೆದು, ಆ ಮಾತನ್ನು ಗುಡಿಸಿ ಹಾಕುವ ಒಂದು ಶಾಂತಿ ಮಾಡುತ್ತಾರೆ. ಒಳ್ಳೆಯ ದಿಕ್ಕಿನಲ್ಲಿ ಇದಕ್ಕೆ ಎದುರಾದದ್ದು ‘ಯಿನ್’. ಯುವಕನಿಗೆ ಏನೋ ಕಾಯಿಲೆ ಬಂದೋ, ಬೇಟೆಯಲ್ಲಿ ಅದೃಷ್ಟ ಒಲಿದೋ, ಯಾವ ಯಾವ ಹಿರಿಯರು ಅವನನ್ನು ಕಾಯಲು ಒಟ್ಟು ಸೇರಿದ್ದಾರೆ ಅನ್ನುವುದು ಕಣಿಯಲ್ಲಿ ತಿಳಿಯುತ್ತದೆ. ಆ ಕೂಟ ಅವನೊಬ್ಬನದೇ. ಸ್ವಂತ ತಮ್ಮನಿಗೂ ಅದೇ ಕೂಟ ಇರುವುದಿಲ್ಲ. ಹಿರಿಯರು ಎಲ್ಲರಿಗೂ ಸೇರಿದವರು, ಆದರೆ ಪ್ರತಿಯೊಬ್ಬರ ಬೆನ್ನ ಹಿಂದೆ ನಿಂತವರು ಬೇರೆ ಬೇರೆ.

ಕೂಸಿಗೆ ಹೆಸರಿಡುವಾಗಲೂ ಹೀಗೆಯೇ. ಈ ಮಗುವನ್ನು ಕಾಯಲು ಮುಂದೆ ಬಂದಿರುವವರು ಯಾರು ಅಂತ ಕೇಳುತ್ತಾರೆ, ಅದಕ್ಕೆ ‘ಸಿಗೆರೆ’ ಅನ್ನುತ್ತಾರೆ. ಅದು ಒಬ್ಬ ಅಜ್ಜ ಇರಬಹುದು, ಬೆಟ್ಟದ ತಾಣ ಇರಬಹುದು, ಹೊಳೆ ಇರಬಹುದು. ಫ್ರಾಫ್ರಾ ಹೆಸರುಗಳು ‘ಅ’ದಿಂದ ಶುರುವಾಗುವುದು ನೋಡಿದರೆ ಗೊತ್ತಾಗುತ್ತದೆ. ಅಟಂಗ ಅಂದರೆ ಬಂಡೆ, ಬೆಟ್ಟ. ಅಕೊಲ್ಗೊ ಹೊಳೆ. ಅಟಿಯಾ ಮರ. ಅಟಿಂಗ ಭೂಮಿ. ಅಯಿನೆ ಅಂದರೆ ಮೇಲಿರುವ ಯಿನೆಯ ಹೆಸರೇ.

ಹಿರಿಯರ ಬಗ್ಗೆ ಒಂದು ಕಠಿಣ ಮಾತನ್ನೂ ಹೇಳಬೇಕು. ಅವರು ಬರೀ ಕಾಯುವವರಲ್ಲ. ಸಾವು ಬಂದರೂ ಅದು ಹಿರಿಯರಿಂದಲೇ ಬಂತು ಅನ್ನುತ್ತಾರೆ. ಕೊಟ್ಟ ಮಾತು ತಪ್ಪಿದರೆ, ಮಾಡಬೇಕಾದ ಕಾರ್ಯ ಮರೆತರೆ, ಬಂಧುಗಳನ್ನು ಕೈಬಿಟ್ಟರೆ ಅವರು ಹಿಡಿದು ಕೇಳುತ್ತಾರೆ. ಕದ್ದೆಯಾ, ಸುಳ್ಳು ಹೇಳಿದೆಯಾ ಅನ್ನುವುದಕ್ಕಿಂತ ನಿನ್ನ ಋಣ ತೀರಿಸಿದೆಯಾ ಅನ್ನುವುದು ಅವರ ಪ್ರಶ್ನೆ. ಅಪ್ಪ ಬದುಕಿದ್ದಾಗ ಎಷ್ಟು ಗಟ್ಟಿಯೋ ಸತ್ತ ಮೇಲೂ ಅಷ್ಟೇ ಗಟ್ಟಿ. ಆದರೆ ಇದರಲ್ಲಿ ಒಂದು ಸಮಾಧಾನವೂ ಇದೆ. ಕಷ್ಟ ಕಾರಣವಿಲ್ಲದೆ ಬರುವುದಿಲ್ಲ, ಬಂದರೆ ಹೋಗಿ ಕೇಳಲು ಒಬ್ಬರಿದ್ದಾರೆ, ಅವರು ನಮ್ಮವರೇ.

ಬೊಲ್ಗಟಂಗದ ತೆಂಕಣಕ್ಕೆ ತೊಂಗೊ ಬೆಟ್ಟಗಳಿವೆ. ಬಂಡೆಯ ಮೇಲೆ ಬಂಡೆ ಇಟ್ಟ ಹಾಗೆ ಕಾಣುವ ಗುಡ್ಡ, ನಡುವೆ ತೆಂಗ್‌ಝುಗ್ ಅನ್ನುವ ಊರು. ಅಲ್ಲಿನ ಗುಹೆಯ ತಾಣ ಎಲ್ಲ ಕಡೆ ಹೆಸರಾದದ್ದು. ಒಳಗೆ ಹೋಗುವವರು, ಗಂಡಸಾಗಲಿ ಹೆಂಗಸಾಗಲಿ, ಊರವರಾಗಲಿ ವಿದೇಶದವರಾಗಲಿ, ಸೊಂಟದ ಮೇಲಿನ ಬಟ್ಟೆ ತೆಗೆದಿಟ್ಟು ಹೋಗಬೇಕು. 1911ರಲ್ಲಿ ಬ್ರಿಟಿಷ್ ಪಡೆ ಈ ಬೆಟ್ಟ ಹತ್ತಿತು. ಜನರನ್ನು ಕೆಳಗೆ ಇಳಿಸಿ, ತಾಣಕ್ಕೆ ಹೋಗಬಾರದು ಅಂತ ಕಟ್ಟಪ್ಪಣೆ ಮಾಡಿತು. ಜನ ಮತ್ತೆ ಹತ್ತಿದರು. 1915ರಲ್ಲಿ ಮತ್ತೆ ದಂಡು ಬಂತು. ಆದರೂ ಆ ತಾಣ ಸಾಯಲಿಲ್ಲ, ಬೆಳೆಯಿತು. ಮುಂದಿನ ದಶಕಗಳಲ್ಲಿ ದಕ್ಷಿಣದ ‘ಅಶಾಂಟಿ’ ಅನ್ನುವ ಸೀಮೆಯ, ಕೋಕೋ ಬೆಳೆಯುವ ಅಕಾನ್ ಜನ ಇಲ್ಲಿಗೆ ಯಾತ್ರೆ ಬರಲು ಶುರು ಮಾಡಿದರು. ಮಕ್ಕಳಾಗಲಿ ಅಂತ, ಮಾಟ ತಟ್ಟದಿರಲಿ ಅಂತ. ತಮ್ಮೂರಿನಲ್ಲಿ ಅದಕ್ಕೆ ಕಟ್ಟೆ ಕಟ್ಟಿಕೊಂಡು ‘ನಾನಾ ತೊಂಗೊ’ ಅಂದರು. ಅಕಾನ್ ಭಾಷೆಯಲ್ಲಿ ‘ನಾನಾ’ ಅಂದರೆ ಅಜ್ಜ, ಅಜ್ಜಿ, ಗೌರವದ ಹಿರಿಯರು. ಬೇರೆ ಭಾಷೆ, ಬೇರೆ ಜನ, ಆದರೂ ಆ ಶಕ್ತಿಯನ್ನು ಕರೆಯಲು ಅವರು ಆರಿಸಿಕೊಂಡದ್ದು ಮತ್ತೆ ‘ಹಿರಿಯರು’ ಅನ್ನುವ ಪದವನ್ನೇ.

ಎಲ್ಲವೂ ಚೆನ್ನಾಗಿದೆ ಅಂತ ಬರೆದರೆ ಅದು ಅಲ್ಲಿನ ಹೆಂಗಸರಿಗೆ ಮಾಡುವ ಅನ್ಯಾಯ. ಗಂಡ ಸತ್ತವಳಿಗೆ ಮಾಡಿಸುವ ಕ್ರಮಗಳಲ್ಲಿ ಕೆಲವು ತುಂಬಾ ಕ್ರೂರವಾಗಿದ್ದವು. ವಿಧವೆಯರ ಮೇಲೆ ಇಂಥ ಕ್ರಮ ಹೇರುವುದನ್ನು ಅಪರಾಧ ಅಂತ ಘಾನಾ 1984ರಲ್ಲೇ ಕಾನೂನು ಮಾಡಿತು. ಅಂಗವೈಕಲ್ಯ ಇಟ್ಟುಕೊಂಡು ಹುಟ್ಟಿದ ಕೂಸನ್ನು ಕಾಡಿನ ಭೂತ ಮನುಷ್ಯನ ರೂಪದಲ್ಲಿ ಬಂದಿದೆ ಅಂತ ತಿಳಿದು ಸಾಯಿಸಿಬಿಡುವ ಪದ್ಧತಿಯೂ ಈ ಭಾಗದಲ್ಲಿತ್ತು. ಪಕ್ಕದ ಕಸೇನಾ ನಂಕಾನಾ ಕಡೆಯ ಊರುಗಳ ಮುಖಂಡರು 2013ರಲ್ಲಿ ಅದನ್ನು ನಿಲ್ಲಿಸುವುದಾಗಿ ಎಲ್ಲರ ಎದುರು ಘೋಷಿಸಿದರು. ನಂಬಿಕೆಯ ಒಳಗಿದ್ದವರೇ ಮುಂದೆ ಬಂದು ಬದಲಿಸಿದ್ದು ದೊಡ್ಡ ಕೆಲಸ. ಅದನ್ನು ಹೇಳದೆ ಮುಂದೆ ಹೋಗುವುದು ನನಗೆ ಸರಿ ಕಾಣುವುದಿಲ್ಲ.

1906ರಲ್ಲಿ ಹತ್ತಿರದ ನವ್ರೊಂಗೊ ಊರಿಗೆ ಕ್ಯಾಥೊಲಿಕ್ ಪಾದ್ರಿಗಳು ಬಂದರು. ಅಲ್ಲಿನ ಮಣ್ಣಿನ ದೊಡ್ಡ ಚರ್ಚಿನ ಒಳಗೋಡೆಯ ಮೇಲೆ ಸಿರಿಗು ಕಡೆಯ ಹೆಂಗಸರು ತಮ್ಮ ಮನೆ ಗೋಡೆಗೆ ಬಿಡಿಸುವ ಚಿತ್ರಗಳನ್ನೇ ಬಿಡಿಸಿದ್ದಾರೆ. ಇವತ್ತು ಫ್ರಾಫ್ರಾ ಜನರಲ್ಲಿ ಕ್ರೈಸ್ತರು ತುಂಬಾ ಇದ್ದಾರೆ, ಮುಸ್ಲಿಮರೂ ಇದ್ದಾರೆ. ಒಂದೇ ಮನೆಯಲ್ಲಿ ಅಣ್ಣ ಚರ್ಚಿಗೆ, ಚಿಕ್ಕಪ್ಪ ಗದ್ದುಗೆಗೆ ಹೋಗುವುದು ಸಾಮಾನ್ಯ. ಬೈಬಲ್ಲಿನ ಹೆಸರಿನ ಪಕ್ಕದಲ್ಲೇ ಅಟಂಗ, ಅಯಿನೆ ಅಂತ ಇರುತ್ತದೆ. ಸುಗ್ಗಿಯ ನಂತರ ಬೊಲ್ಗಟಂಗದಲ್ಲಿ ಅಡಾಕೋಯ ಹಬ್ಬಕ್ಕೆ, ತಾಲೆನ್ಸಿ ಕಡೆ ಮಳೆಗಾಲಕ್ಕೆ ಮುಂಚಿನ ಗೊಲೊಗೊ ಹಬ್ಬಕ್ಕೆ ಎಲ್ಲರೂ ಊರಿಗೆ ಬರುತ್ತಾರೆ.

ಕಷ್ಟ ಬರುವುದು ಕುರೆಯ ವಿಷಯದಲ್ಲಿ. ಹಿರಿಮಗ ಕುಮಾಸಿಯಲ್ಲೋ ಆಕ್ರಾದಲ್ಲೋ ಕೆಲಸಕ್ಕೆ ಹೋಗಿರುತ್ತಾನೆ. ಕ್ರೈಸ್ತ ದೀಕ್ಷೆ ಪಡೆದವನಾಗಿದ್ದರೆ ಕೋಳಿ ಕೊಯ್ಯುವುದಕ್ಕೆ ಅವನ ಮನಸ್ಸು ಒಪ್ಪುವುದಿಲ್ಲ. ಒಪ್ಪಿದರೂ ಖರ್ಚಿಗೆ ಹಣ ಕೂಡಿಸಬೇಕು. ಕೆಲವು ಮನೆಗಳಲ್ಲಿ ಅವನು ಹಣ ಕೊಟ್ಟು ಪಕ್ಕದಲ್ಲಿ ನಿಂತಿರುತ್ತಾನೆ, ಗದ್ದುಗೆಯ ಕೆಲಸ ತಮ್ಮ ಮಾಡುತ್ತಾನೆ. ಕೆಲವು ಮನೆಗಳಲ್ಲಿ ಮಾತುಕತೆ ವರ್ಷಗಟ್ಟಲೆ ಎಳೆಯುತ್ತದೆ. ಈ ಸುಗ್ಗಿ ಆಗಲಿ, ಮುಂದಿನ ಸುಗ್ಗಿ ಆಗಲಿ ಅಂತ ಮುಂದಕ್ಕೆ ಹೋಗುತ್ತಲೇ ಇರುತ್ತದೆ. ಅಷ್ಟು ದಿನವೂ ಊರಿನಲ್ಲಿ ಅಪ್ಪನ ಗೋರಿಯ ಬಾಯಿಗೆ ಮಡಕೆ ಮುಚ್ಚಿರುತ್ತದೆ, ಅಂಗಳದಲ್ಲಿ ಅವನ ಹೆಸರಿನ ಗುಪ್ಪೆ ಇನ್ನೂ ಎದ್ದಿರುವುದಿಲ್ಲ. ಹಿಟ್ಟಿನ ನೀರು ಸುರಿದು “ಅಪ್ಪಾ, ನಿನ್ನ ಅಪ್ಪನನ್ನು ಕರೆ” ಅನ್ನಲು ಯಾರಿಗೂ ಆಗುವುದಿಲ್ಲ.